ಮೆಟ್ಟಿಲ ಹಿಂದಿನ ಬೆಚ್ಚನೆ ಕೋಣೆ ಮತ್ತು ತಾಕ್ ಮಾಲ್ಸುನ್ ಅವರು

ನೆಲ ಒರೆಸುವ ಕೆಲಸದಲ್ಲಿ ಹೆಸರು ಪಡೆಯುವುದು ಉಳಿದ ಕೆಲಸಗಳಲ್ಲಿ ಹೆಸರು ಪಡೆದಂತಲ್ಲ. ವೈದ್ಯರ ಹೆಸರು ಬಾಗಿಲ ಮೇಲಿರುತ್ತದೆ, ನರ್ಸುಗಳ ಹೆಸರು ಎದೆಯ ಮೇಲಿರುತ್ತದೆ. ನೆಲ ಒರೆಸಿದವರು ಅಲ್ಲಿದ್ದರೆಂಬ ಗುರುತೇ ಉಳಿಯದಿದ್ದಾಗ ಮಾತ್ರ ಅವರ ಕೆಲಸ ಚೆನ್ನಾಗಿ ಆಯಿತೆಂದು ಅರ್ಥ. ಮಾಸಾನ್ ಬಂದರಿನ ನಮ್ಮ ಆಸ್ಪತ್ರೆಯಲ್ಲಿ ಈ ವಿದ್ಯೆಯನ್ನು ತಾಕ್ ಮಾಲ್ಸುನ್ ಅವರಷ್ಟು ಬಲ್ಲವರು ಹಿಂದೆ ಇರಲಿಲ್ಲ, ಮುಂದೆ ಬರುವುದೂ ಅನುಮಾನ. ಮೂವತ್ತೊಂದು ವರ್ಷ ದುಡಿದು, ಅದರಲ್ಲಿ ಹತ್ತೊಂಬತ್ತು ವರ್ಷ ನೆಲ ಒರೆಸುವ ಹೆಂಗಸರ ಮೇಸ್ತ್ರಿಯಾಗಿದ್ದು, ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಕೆಲಸ ಕಲಿತವರು ಸೇರಿ ಈ ಚಿಕ್ಕ ಪುಸ್ತಕವನ್ನು ಅವರ ಕೈಗೆ ಒಪ್ಪಿಸುತ್ತಿದ್ದಾರೆ.

ಇಂಥ ಪುಸ್ತಕಗಳ ಮೊದಲ ಪುಟದಲ್ಲಿ ನಿರ್ದೇಶಕರ ಸಂದೇಶವಿರುವುದು ವಾಡಿಕೆ. ಕೇಳಲು ಹೋದಾಗ ಆಸ್ಪತ್ರೆಯ ಕಚೇರಿಯವರು, "ಅವರು ನಮ್ಮ ನೌಕರರಲ್ಲವಲ್ಲ, ಗುತ್ತಿಗೆ ಕಂಪನಿಯವರು" ಎಂದರು. ಗುತ್ತಿಗೆ ಕಂಪನಿಯವರು, "ಅವರ ದಾಖಲೆಯಲ್ಲಿ ಒಂದು ಕಪ್ಪು ಗುರುತಿದೆ" ಎಂದರು. ಕಳಂಕವಿಲ್ಲದೆ ದುಡಿದು ಹೋಗುವವರಿಗೆ ಕೊಡುವ ಗೌರವ ಫಲಕವೂ ಆ ಗುರುತಿನ ದೆಸೆಯಿಂದ ಅವರಿಗೆ ಬರಲಿಲ್ಲ. ಆದ್ದರಿಂದ ಇಲ್ಲಿ ಸಂದೇಶದ ಪುಟ ಇಲ್ಲ. ಆ ಕಪ್ಪು ಗುರುತು ಹೇಗೆ ಬಂತೆಂಬುದನ್ನು ಬರೆದಿಡುವುದೇ ಅವರಿಗೆ ಸಲ್ಲಿಸಬೇಕಾದ ಮೊದಲ ಗೌರವ.

ಮಾಲ್ಸುನ್ ಅವರು ಮೀನು ಒಣಗಿಸುವ ಮನೆಯ ಐದನೆಯ ಹೆಣ್ಣುಮಗಳು. 'ಮಾಲ್' ಎಂದರೆ ಕೊನೆ; ಹೆಣ್ಣು ಇಲ್ಲಿಗೆ ಸಾಕು ಎಂದು ಅಪ್ಪ ಬೇಡಿಕೊಂಡು ಇಟ್ಟ ಹೆಸರು ಅದು. ಮೂವತ್ತೈದನೆಯ ವಯಸ್ಸಿನಲ್ಲಿ ಆಸ್ಪತ್ರೆಗೆ ಸೇರಿದಾಗ ಅವರನ್ನು ಮೂರನೆಯ ಕಟ್ಟಡಕ್ಕೆ ಹಾಕಿದರು. ಅಲ್ಲಿ ಆಗಲೇ ಮಾ ಒಕ್‌ಬುನ್ ಎಂಬವರು ಇದ್ದರು. ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕವರು, ಮಾತಿನಲ್ಲಿ ಹತ್ತು ವರ್ಷ ದೊಡ್ಡವರು. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ ಎಂದು ಮೊದಲ ದಿನವೇ ಹೇಳಿಕೊಟ್ಟವರು ಒಕ್‌ಬುನ್ ಅವರೇ. ಮಾಲ್ಸುನ್ ಅವರು ಒರೆಸಿದ ಮೇಲೂ ಹಿಂದೆ ತಿರುಗಿ ನೋಡಿ, ಒಂದು ಕೂದಲು ಕಂಡರೆ ಮತ್ತೆ ಮೊಣಕಾಲೂರುತ್ತಿದ್ದರು. "ಈಕೆ ಸತ್ತರೆ ತನ್ನ ಗೋರಿ ತಾನೇ ಒರೆಸಿ ಆಮೇಲೆ ಮಲಗ್ತಾಳೆ ನೋಡ್ರೇ" ಎಂದು ಒಕ್‌ಬುನ್ ಅವರು ಎಲ್ಲರೆದುರು ನಗಾಡುತ್ತಿದ್ದರು.

ಆಗ ನೆಲ ಒರೆಸುವವರಿಗೆ ಕೂರಲು ಜಾಗವಿರಲಿಲ್ಲ. ಬುತ್ತಿ ಬಿಚ್ಚಬೇಕಾದರೆ ಮೆಟ್ಟಿಲೇ ಗತಿ. ಕೆಲಸಕ್ಕೆ ಸೇರಿದ ಎರಡನೆಯ ಚಳಿಗಾಲದಲ್ಲಿ, ಎರಡು ಮತ್ತು ಮೂರನೆಯ ಕಟ್ಟಡಗಳ ನಡುವೆ, ಮೆಟ್ಟಿಲ ಹಿಂದೆ, ಹಳೆಯ ಹಾಸಿಗೆಗಳನ್ನು ತುಂಬಿಟ್ಟಿದ್ದ ಒಂದು ಕೋಣೆಯನ್ನು ಮಾಲ್ಸುನ್ ಅವರು ಕಂಡುಹಿಡಿದರು. ಬಿಸಿನೀರಿನ ದೊಡ್ಡ ಕೊಳವೆ ಅದರ ನೆಲದಡಿಯಲ್ಲಿ ಹಾದುಹೋಗುತ್ತಿತ್ತು. ಒರೆಸಲು ಹೋಗಿ ಅಂಗೈ ಇಟ್ಟವರಿಗೆ ಅದು ಗೊತ್ತಾಯಿತು. ಶೂ ಹಾಕಿಕೊಂಡು ನಡೆಯುವವರಿಗೆ ಗೊತ್ತಾಗಲು ಸಾಧ್ಯವಿರಲಿಲ್ಲ. ಅವರೂ ಒಕ್‌ಬುನ್ ಅವರೂ ಸೇರಿ ಹಾಸಿಗೆಗಳನ್ನು ಹೊರಗೆ ಸಾಗಿಸಿ, ಮನೆಗಳಲ್ಲಿ ಹಾಸುವ ಎಣ್ಣೆ ಹಚ್ಚಿದ ಹಳದಿ ಕಾಗದವನ್ನು ನೆಲಕ್ಕೆ ಅಂಟಿಸಿದರು. ಯಾರೂ ಕೊಡಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಇಪ್ಪತ್ತೊಂದು ವರ್ಷ ಆ ಕೋಣೆ ಹಾಗೆಯೇ ನಡೆಯಿತು.

ಒಳಗೆ ಒಂದು ಅನ್ನದ ಕುಕ್ಕರು, ಮೂರು ಹೊದಿಕೆ, ಗೋಡೆಯುದ್ದಕ್ಕೂ ಕಿಮ್ಚಿಯ, ಅಂದರೆ ಖಾರ ಹಚ್ಚಿ ಹುಳಿಬರಿಸಿದ ಕೋಸಿನ, ಜಾಡಿಗಳು. ನವೆಂಬರಿನಲ್ಲಿ ಮನೆಮನೆಯಲ್ಲಿ ಕಿಮ್ಚಿ ಹಾಕಿದ ಮೇಲೆ ಪ್ರತಿಯೊಬ್ಬರೂ ಒಂದು ಜಾಡಿ ತರಬೇಕೆಂಬುದು ನಿಯಮ. ನೆಲ ಒರೆಸುವವರಷ್ಟೇ ಅಲ್ಲ; ಅಡುಗೆಮನೆಯವರು, ಆಯಾಗಳು, ರೋಗಿಗಳ ಗಾಡಿ ತಳ್ಳುವವರು, ಪಾಳಿ ಮುಗಿಸಿದ ನರ್ಸುಗಳು, ಎಲ್ಲರಿಗೂ ಅದೇ ಬಾಗಿಲು. ಗೋಡೆಯ ಬದಿಯ ಒಂದು ಮೂಲೆಯಲ್ಲಿ ಬಿಸಿ ಹೆಚ್ಚು. ಅಲ್ಲಿ ಯಾರು ಮಲಗಬೇಕೆಂಬುದನ್ನು ಮಾಲ್ಸುನ್ ಅವರು ತೀರ್ಮಾನಿಸುತ್ತಿದ್ದರು, ಅದನ್ನು ಅವರು ಶೂ ನೋಡಿ ತೀರ್ಮಾನಿಸುತ್ತಿದ್ದರು. ಹಿಮ್ಮಡಿ ತುಳಿದು ಬಿಚ್ಚಿದ ಶೂ ಇದ್ದರೆ ಆ ದಿನ ಅವರಿಗೆ ಕಾಲು ಸೋತಿದೆ. ಒಂದು ಇಲ್ಲಿ, ಒಂದು ಅಲ್ಲಿ ಬಿದ್ದಿದ್ದರೆ ಯಾರೋ ಬೈದಿದ್ದಾರೆ. ನೋಡಿದ ಮೇಲೆ ಬಗ್ಗಿ ಎಲ್ಲವನ್ನೂ ತುದಿ ಹೊರಗಿರುವಂತೆ ತಿರುಗಿಸಿ ಸಾಲಾಗಿ ಇಡುತ್ತಿದ್ದರು. ವಾರ್ಡಿನಿಂದ ಕರೆ ಬಂದರೆ ಕಾಲು ಶೂ ಹುಡುಕುತ್ತ ನಿಲ್ಲಬಾರದು ಎಂಬುದು ಅವರ ಮಾತು. ಯಾರ ಶೂ ಬಂದಿಲ್ಲ ಎಂಬುದೂ ಆ ಸಾಲಿನಿಂದಲೇ ತಿಳಿಯುತ್ತಿತ್ತು. ಬಾರದವರನ್ನು ಹುಡುಕಿಕೊಂಡು ಒಬ್ಬರು ಎದ್ದು ಹೋಗುತ್ತಿದ್ದರು. ಅದು ಕಾಳಜಿ ಎಂದು ಆಗ ಯಾರಿಗೂ ಅನಿಸಿರಲಿಲ್ಲ, ಊಟ ಆರಿಹೋಗುತ್ತದೆ ಎಂದಷ್ಟೇ ಅನಿಸುತ್ತಿತ್ತು.

ಇಂದು ಏಳನೆಯ ವಾರ್ಡಿನ ಮುಖ್ಯ ನರ್ಸ್ ಆಗಿರುವ ಎಮ್ ಸೊನ್‌ಜು ಅವರು ಕೆಲಸಕ್ಕೆ ಬಂದ ಹೊಸದರಲ್ಲಿ, ಹಿರಿಯ ನರ್ಸೊಬ್ಬರಿಂದ ಎಲ್ಲರೆದುರು ಬೈಸಿಕೊಂಡು ಬಕೆಟ್ಟುಗಳನ್ನಿಡುವ ಗೂಡಿನಲ್ಲಿ ನಿಂತು ಅಳುತ್ತಿದ್ದರು.

"ಏ ಹುಡುಗಿ, ಈ ನೆಲ ಈಗ ತಾನೆ ಒರೆಸಿದ್ದೀನಿ" ಎಂದರು ಮಾಲ್ಸುನ್. "ಅಳೋದಾದ್ರೆ ನಮ್ಮ ಕೋಣೆಗೆ ಬಂದು ಅಳು. ಅಲ್ಲಿ ಒರೆಸೋ ಸರದಿ ಒಕ್‌ಬುನ್‌ದು."

ಕೋಣೆಯಲ್ಲಿ ಒಕ್‌ಬುನ್ ಅವರು ಬೇಯಿಸಿದ ಗೆಣಸೊಂದನ್ನು ಮುರಿದು ಕೈಗಿಟ್ಟರು. "ಮೊದಲು ತಿನ್ನು. ಹಸಿದು ಅತ್ರೆ ತಲೆನೋವು ಬರತ್ತೆ, ತಲೆನೋವು ಬಂದ್ರೆ ಮತ್ತೆ ತಪ್ಪು ಮಾಡ್ತೀಯ, ಮತ್ತೆ ಬೈತಾಳೆ ಆ ಮಹಾತಾಯಿ."

ಸೊನ್‌ಜು ಅವರು ಬಿಸಿ ಮೂಲೆಯಲ್ಲಿ ಒಂದು ಗಂಟೆ ಮಲಗಿ ಎದ್ದು ಹೋದರು. ಅಂದಿನಿಂದ ಅವರಿಗೆ ಮಾಲ್ಸುನ್ ಅವರು ಅಕ್ಕನಾದರು. ಮುಂದೆ ನೆಲ ಒರೆಸುವವರನ್ನೆಲ್ಲ ಗುತ್ತಿಗೆ ಕಂಪನಿಗೆ ವರ್ಗಾಯಿಸಿ, ಅಂಗಿಯ ಬಣ್ಣ ಬದಲಾಯಿಸಿ, ಗುರುತಿನ ಚೀಟಿ ಕಿತ್ತುಕೊಂಡಾಗಲೂ ಆ ಕೋಣೆಯ ಒಳಗೆ ಬಣ್ಣಗಳ ಎಣಿಕೆ ಇರಲಿಲ್ಲ. ಶೂ ಬಿಚ್ಚಿದ ಮೇಲೆ ಎಲ್ಲರ ಕಾಲುಚೀಲವೂ ಒಂದೇ ಥರ ತೂತಾಗಿರುತ್ತಿತ್ತು.

ಇನ್ನು ಮುಂದಿನದನ್ನು ಬರೆಯುವುದು ಸುಲಭವಲ್ಲ. ಮಾಲ್ಸುನ್ ಅವರೇ, "ಬರೆಯೋದಾದ್ರೆ ಅದನ್ನೂ ಬರೀರಿ, ಇಲ್ಲದಿದ್ರೆ ಏನೂ ಬೇಡ" ಎಂದಿದ್ದಾರೆ.

ಆಸ್ಪತ್ರೆಗೆ ಸರ್ಕಾರದ ತಪಾಸಣೆ ಬರುವ ದಿನಗಳಲ್ಲಿ ನೆಲ ಒರೆಸುವವರಿಗೆ ಒಂದು ಆಜ್ಞೆ ಇರುತ್ತದೆ: ನಿಮ್ಮ ಸಾಮಾನೂ ಕಾಣಬಾರದು, ನೀವೂ ಕಾಣಬಾರದು. ಒಣಹಾಕಿದ ಬಟ್ಟೆ, ಬುತ್ತಿ, ಬಕೆಟ್ಟು ಎಲ್ಲ ಮಾಯವಾಗಬೇಕು. ತಪಾಸಣೆಯವರು ಮಹಡಿ ದಾಟುವ ತನಕ ಹೆಂಗಸರು ಹಿಂದಿನ ಮೆಟ್ಟಿಲಲ್ಲಿ ಉಸಿರು ಬಿಗಿಹಿಡಿದು ನಿಂತಿರಬೇಕು. ಇದರಲ್ಲಿ ಮಾಲ್ಸುನ್ ಅವರ ತಂಡದ್ದು ಎತ್ತಿದ ಕೈ. ಹತ್ತೊಂಬತ್ತು ನಿಮಿಷದಲ್ಲಿ ಒಂದು ಮಹಡಿಯನ್ನು ಯಾರೂ ಇರಲೇ ಇಲ್ಲವೆಂಬಂತೆ ಮಾಡುತ್ತಿದ್ದರು.

ಒಂಬತ್ತು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಸೊನ್‌ಜು ಅವರು ಓಡುತ್ತ ಬಂದು, "ಅಕ್ಕ, ನಾಳೆ ಬೆಳಿಗ್ಗೆ ಕಚೇರಿಯವರು ಈ ಕೋಣೆ ನೋಡೋಕೆ ಬರ್ತಾರಂತೆ" ಎಂದು ಹೇಳಿ ಹಾಗೆಯೇ ಓಡಿದರು. ಯಾಕೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಯಾವ ವಿಶ್ರಾಂತಿ ಕೋಣೆಯಲ್ಲಿ ಜನ ಇದ್ದಾರೆ, ಯಾವುದು ಖಾಲಿ ಬಿದ್ದಿದೆ ಎಂದು ಪಟ್ಟಿ ಮಾಡಲು ಬರುತ್ತಿದ್ದಾರೆ, ಖಾಲಿ ಇದ್ದುದನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಸೊನ್‌ಜು ಅವರಿಗೆ ಗೊತ್ತಿತ್ತು. ಇಪ್ಪತ್ತು ಮಂದಿ ತಿಂದು ಮಲಗುವ ಕೋಣೆ ಖಾಲಿ ಎಂದು ಯಾರಿಗಾದರೂ ಕಂಡೀತೆಂದು ಅವರು ಕನಸಿನಲ್ಲೂ ನೆನೆದಿರಲಿಲ್ಲ. ಮಾಲ್ಸುನ್ ಅವರ ಕಿವಿಗೆ ಮಾತ್ರ ತಪಾಸಣೆ ಎಂದೇ ಕೇಳಿಸಿತು.

ಆ ಸಂಜೆ ಎಲ್ಲರೂ ಸೇರಿ ಕೋಣೆಯನ್ನು ಬರಿದು ಮಾಡಿದರು. ಜಾಡಿಗಳನ್ನು ಸಾಗಿಸಿ, ಹೊದಿಕೆ ಮಡಿಸಿ ಒಯ್ದು, ವಾಸನೆ ಹೋಗಲೆಂದು ಗೋಡೆಗೆ ವಿನಿಗರ್ ನೀರು ಒರೆಸಿದರು.

"ಕುಕ್ಕರ್ ಆದ್ರೂ ಇರ್ಲಿ ಬಿಡಕ್ಕ, ಭಾರ" ಎಂದರು ಒಕ್‌ಬುನ್.

"ಒಂದು ಕೂದಲೂ ಕಾಣಬಾರದು."

"ನಾವೇನು ಕದ್ದು ತಿಂತಿದ್ದೀವಾ?"

"ಬಾಯಿ ಮುಚ್ಚಿ ಎತ್ತು."

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಹಿಂದಿನ ಮೆಟ್ಟಿಲಲ್ಲಿ ಸಾಲಾಗಿ ನಿಂತರು. ಕೆಲವರ ತೋಳಿನಲ್ಲಿ ಕಿಮ್ಚಿಯ ಜಾಡಿ, ಒಕ್‌ಬುನ್ ಅವರ ತೋಳಿನಲ್ಲಿ ಕುಕ್ಕರು, ಮಾಲ್ಸುನ್ ಅವರ ಕೈಯಲ್ಲಿ ಎಲ್ಲರ ಒಳಗೆ ಹಾಕುವ ಚಪ್ಪಲಿಗಳಿದ್ದ ಚೀಲ. ಮೆಟ್ಟಿಲ ಬಾಗಿಲಿನ ಆಚೆ ಕಚೇರಿಯ ಬಾಂಗ್ ಎಂಬವರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಎಷ್ಟು ಶುಚಿಯಾಗಿದೆ ನೋಡ್ರಿ" ಎಂದರು ಅವರು. ಮಾಲ್ಸುನ್ ಅವರ ಎದೆ ಉಬ್ಬಿತು. ಅದಾದ ಮೇಲೆ, "ಯಾರೂ ಬಳಸ್ತಾ ಇಲ್ಲ. ಖಾಲಿ ಅಂತ ಬರ್ಕೊಳ್ಳಿ" ಎಂದರು.

ಒಕ್‌ಬುನ್ ಅವರು ತಿರುಗಿ ಮಾಲ್ಸುನ್ ಅವರ ಮುಖ ನೋಡಿದರು. ಮಾಲ್ಸುನ್ ಅವರ ಕೈ ಬಾಗಿಲ ಹಿಡಿಯ ಮೇಲೆಯೇ ಇತ್ತು. ತಿರುಗಿಸಿದ್ದರೆ ಸಾಕಿತ್ತು, ಒಂದು ಹೆಜ್ಜೆ ಆಚೆ ಇಟ್ಟು, "ನಾವಿದ್ದೀವಿ" ಎಂದಿದ್ದರೆ ಸಾಕಿತ್ತು. ಆದರೆ ತಪಾಸಣೆಯವರು ಹೋಗುವ ತನಕ ಹೊರಗೆ ಬರಬಾರದು ಎಂಬುದು ಇಪ್ಪತ್ತೆರಡು ವರ್ಷ ಮೈಗೂಡಿದ ಪಾಠ. ಬೂಟಿನ ಸದ್ದು ದೂರವಾಗುವ ತನಕ ಆ ಕೈ ಅಲ್ಲಿಯೇ ಇತ್ತು.

ಹದಿನೈದು ದಿನಕ್ಕೆ ಕೋಣೆಗೆ ಬೀಗ ಬಿತ್ತು. ಮಾಲ್ಸುನ್ ಅವರು ಕಚೇರಿಗೆ ಹೋದರು. ಬಾಂಗ್ ಅವರು ತಲೆ ಎತ್ತದೆ, "ನೋಡಮ್ಮ, ನಾನೇ ಬಂದು ನೋಡಿದ್ದೀನಿ. ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಫೋಟೋ ಬೇಕಾ?" ಎಂದು ತೋರಿಸಿದರು. ಫೋಟೋದಲ್ಲಿ ಹಳದಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅದು ಮಾಲ್ಸುನ್ ಅವರ ಕೈಯ ಕೆಲಸ. ಅದನ್ನು ಸುಳ್ಳೆನ್ನಲು ಅವರಿಗೆ ಬಾಯಿ ಬರಲಿಲ್ಲ.

ಬೇಸಿಗೆಯೊಳಗೆ ಅಲ್ಲಿ ಸಿಬ್ಬಂದಿಯ ಕಾಫಿ ಕೋಣೆಯಾಯಿತು. ಹಳದಿ ಕಾಗದ ಕಿತ್ತು ಕಲ್ಲು ಹಾಸಿದರು, ಎತ್ತರದ ಕುರ್ಚಿಗಳನ್ನಿಟ್ಟರು. ಬಾಗಿಲು ತೆರೆಯಲು ಆಸ್ಪತ್ರೆಯ ಗುರುತಿನ ಚೀಟಿ ಬೇಕು, ಗುತ್ತಿಗೆಯವರಿಗೆ ಅದಿಲ್ಲ. ಒರೆಸುವ ಹೊತ್ತಿಗೆ ಮಾತ್ರ ಯಾರಾದರೂ ಬಾಗಿಲು ತೆಗೆಯುತ್ತಿದ್ದರು. "ನನ್ನ ಜೊತೆ ಬಾ ಅಕ್ಕ, ನನ್ನ ಚೀಟಿ ಇದೆಯಲ್ಲ" ಎಂದು ಸೊನ್‌ಜು ಅವರು ಒಮ್ಮೆ ಕೈ ಹಿಡಿದು ಕರೆದರು. "ನಾನು ಹೋದ್ರೆ ಉಳಿದವರು ಎಲ್ಲಿ ಕೂರ್ತಾರೆ?" ಎಂದು ಕೈ ಬಿಡಿಸಿಕೊಂಡರು ಮಾಲ್ಸುನ್. ಆಮೇಲೆ ಅವರಿಬ್ಬರು ಎದುರಾದಾಗ ತಲೆ ಬಾಗಿಸಿ ದಾಟುವುದಷ್ಟೇ ಉಳಿಯಿತು. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು.

ಹೆಂಗಸರು ಚದುರಿದರು. ಒಬ್ಬರು ಮೆಟ್ಟಿಲ ತಿರುವಿನಲ್ಲಿ, ಒಬ್ಬರು ಕೊಳೆಬಟ್ಟೆಯ ಗಾಡಿಯ ಹಿಂದೆ ಬುತ್ತಿ ಬಿಚ್ಚತೊಡಗಿದರು. ಒಕ್‌ಬುನ್ ಅವರು ಐದನೆಯ ಮಹಡಿಯ ಶೌಚಾಲಯದ ಪಕ್ಕದ ಬಕೆಟ್ಟಿನ ಗೂಡನ್ನು ಹಿಡಿದರು. "ನನಗೀಗ ಸ್ವಂತ ಕೋಣೆ ಕಣಕ್ಕ. ಕಾಲು ಚಾಚಿದ್ರೆ ಮಾತ್ರ ಹೊರಗೆ ಬರತ್ತೆ" ಎಂದರು. ಅದಕ್ಕೆ ನಕ್ಕ ನೆನಪು ಮಾಲ್ಸುನ್ ಅವರಿಗೆ ಇಂದಿಗೂ ಇದೆ. ಯಾರು ಉಂಡರು, ಯಾರು ಉಣ್ಣಲಿಲ್ಲ ಎಂದು ತಿಳಿಯಲು ಈಗ ಶೂಗಳ ಸಾಲಿರಲಿಲ್ಲ. ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ, ಅಷ್ಟೇ.

ಮರುವರ್ಷದ ಫೆಬ್ರುವರಿಯಲ್ಲಿ ಒಂದು ದಿನ ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆ ಐದನೆಯ ಮಹಡಿಯ ನೆಲ ಒಣಗಿಯೇ ಇರುವುದನ್ನು ಮಾಲ್ಸುನ್ ಅವರು ಕಂಡರು. ಗೂಡಿನ ಬಾಗಿಲು ತಳ್ಳಿದರೆ ಒಳಗಿನಿಂದ ಏನೋ ತಡೆಯುತ್ತಿತ್ತು. ಒಕ್‌ಬುನ್ ಅವರು ಮಗುಚಿದ ಬಕೆಟ್ಟಿನಿಂದ ಜಾರಿ ಬಿದ್ದಿದ್ದರು. ತಲೆಯೊಳಗೆ ರಕ್ತನಾಳ ಒಡೆದು ಮೂರು ಗಂಟೆಯಾಗಿತ್ತು ಎಂದು ಆಮೇಲೆ ಹೇಳಿದರು. ಮೂರು ಗಂಟೆ, ಆಸ್ಪತ್ರೆಯ ಒಳಗೆ, ವೈದ್ಯರ ಕೋಣೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ. ಬುತ್ತಿಯಲ್ಲಿ ಅರ್ಧ ಅನ್ನ ಹಾಗೆಯೇ ಇತ್ತು. ಆ ಗೂಡಿನಲ್ಲಿ ಕೂಡ ಅವರು ತಮ್ಮ ಬೂದುಬಣ್ಣದ ಬಟ್ಟೆ ಶೂ ಬಿಚ್ಚಿ, ತುದಿ ಬಾಗಿಲ ಕಡೆಗಿರುವಂತೆ ಜೋಡಿಸಿ ಇಟ್ಟು ಉಣ್ಣಲು ಕೂತಿದ್ದರು.

ಒಂಬತ್ತನೆಯ ದಿನ ಅವರು ತೀರಿಕೊಂಡರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿಯೇ ಇರುವ ಅಂತ್ಯಸಂಸ್ಕಾರದ ಹಜಾರದಲ್ಲಿ ಮೂರು ದಿನ ಅವರ ಫೋಟೋ ಇಟ್ಟಿದ್ದರು. ಮಾಲ್ಸುನ್ ಅವರು ಅಳಲಿಲ್ಲ, ಬಂದವರಿಗೆ ಬಡಿಸುವ ಸೂಪು ಅನ್ನ ಮುಟ್ಟಲಿಲ್ಲ. ಬಾಗಿಲಲ್ಲಿ ಕೂತು, ಬಂದವರ ಶೂಗಳನ್ನು ಮೂರು ದಿನವೂ ತಿರುಗಿಸಿ ತಿರುಗಿಸಿ ಇಟ್ಟರು. ಸೊನ್‌ಜು ಅವರು ಬಂದು ಪಕ್ಕದಲ್ಲಿ ಮಂಡಿಯೂರಿ, "ಯಾಕೆ ಬರ್ತಾರೆ ಅಂತ ಹೇಳಬೇಕಿತ್ತು ಅಕ್ಕ" ಎಂದರು. "ನಾನು ಬಾಗಿಲು ತೆಗೀಬೇಕಿತ್ತು" ಎಂದರು ಮಾಲ್ಸುನ್. ಅವರಿಬ್ಬರ ನಡುವೆ ಆದ ಮಾತು ಅಷ್ಟೇ.

ಆ ನಂತರ ಮಾಲ್ಸುನ್ ಅವರು ಪ್ರತಿ ತಿಂಗಳ ಮೊದಲ ಸೋಮವಾರ ಕಚೇರಿಗೆ ಹೋಗಿ ಕೋಣೆ ಕೇಳುತ್ತಿದ್ದರು. ಜೋರು ಮಾತಿಲ್ಲ, ಕಣ್ಣೀರಿಲ್ಲ. ಹೋಗಿ ನಿಲ್ಲುವುದು, ಕೇಳುವುದು, ಬರುವುದು. ಮೂರು ವರ್ಷ ಹೀಗೆ ನಿಂತ ಮೇಲೆ ನೆಲಮಾಳಿಗೆಯ ಎರಡನೆಯ ಅಂತಸ್ತಿನಲ್ಲಿ, ವಾಹನ ನಿಲ್ಲಿಸುವ ಜಾಗದ ಪಕ್ಕ, ಕಿಟಕಿಯಿಲ್ಲದ ಒಂದು ಕೋಣೆ ಸಿಕ್ಕಿತು, 'ತಾತ್ಕಾಲಿಕ' ಎಂಬ ಚೀಟಿಯೊಂದಿಗೆ. ಕಾರಿನ ಹೊಗೆ ಬರುತ್ತದೆ, ನೆಲ ತಣ್ಣಗೆ ಕೊರೆಯುತ್ತದೆ, ಕರೆಂಟಿನ ಚಾಪೆ ಹಾಸಿದರೆ ಒಂದು ಬದಿ ಮಾತ್ರ ಬಿಸಿಯಾಗುತ್ತದೆ. ಆದರೂ ಬಾಗಿಲಿತ್ತು, ಬಾಗಿಲ ಮುಂದೆ ಮತ್ತೆ ಶೂಗಳ ಸಾಲು ಬಂತು.

ಈ ವರ್ಷ ಏಪ್ರಿಲಿನಲ್ಲಿ, ಅವರ ನಿವೃತ್ತಿಗೆ ಎರಡು ತಿಂಗಳಿರುವಾಗ, ಮತ್ತೆ ಚೀಟಿ ಬಂತು: ಕೋಣೆಗಳ ಪರಿಶೀಲನೆ. ಈ ಸಲ ಸೊನ್‌ಜು ಅವರು ತಾವೇ ನೆಲಮಾಳಿಗೆಗೆ ಇಳಿದು ಬಂದು, ಕಾರಣವನ್ನು ಎರಡು ಸಲ ಹೇಳಿ ಹೋದರು. ಮಾಲ್ಸುನ್ ಅವರು ಹತ್ತೂ ಹೆಂಗಸರನ್ನು ಕೂರಿಸಿದರು.

"ನಾಳೆ ಯಾರೂ ಏನೂ ಮುಟ್ಟಬಾರದು" ಎಂದರು.

"ಕುಕ್ಕರ್ ಆದ್ರೂ ತೊಳೀಲಾ ಅಕ್ಕ?"

"ತೊಳೀಬೇಡ."

"ನನ್ನ ಒಳಂಗಿ ಹಗ್ಗದ ಮೇಲಿದೆ."

"ಇರ್ಲಿ. ಅವರ ಮನೇಲಿ ಹೆಂಗಸರಿಲ್ವಾ?"

"ಅಕ್ಕ, ನಿಮಗೆ ಜ್ವರ ಗಿರ ಇಲ್ಲ ತಾನೆ?"

ಮರುದಿನ ಹನ್ನೊಂದು ಮಂದಿಯೂ ಒಳಗೆ ಕೂತು ಉಣ್ಣುತ್ತಿದ್ದರು. ನೆಲದ ಮೇಲೆ ಚೆಲ್ಲಿದ ಸಾರು, ಗೋಡೆಗೆ ಒರಗಿಸಿದ ಒದ್ದೆ ಹೊದಿಕೆ, ಬಾಗಿಲಲ್ಲಿ ಒಂದರ ಮೇಲೊಂದು ಬಿದ್ದ ಶೂಗಳ ರಾಶಿ. ಮಾಲ್ಸುನ್ ಅವರು ತಮ್ಮ ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತಿದ್ದರು. ಮೂವತ್ತೊಂದು ವರ್ಷದಲ್ಲಿ ಅವರು ಮಾಡಿದ ಅತಿ ಕಷ್ಟದ ಕೆಲಸ ಅದೇ ಎಂದು ನೋಡಿದವರೆಲ್ಲ ಬಲ್ಲರು.

ಕಚೇರಿಯಿಂದ ಬಂದ ತರುಣ ಶೂಗಳ ರಾಶಿಗೆ ಎಡವಿದರು.

"ಇಲ್ಲಿ ಎಷ್ಟು ಜನ ಇರ್ತೀರಿ?"

"ಶೂ ಎಣಿಸಿಕೊಳ್ಳಿ ಸ್ವಾಮಿ" ಎಂದರು ಮಾಲ್ಸುನ್.

ಅವರು ಬಗ್ಗಿ ಎಣಿಸಿದರು. ಒಳಗಿನ ತಲೆಗಳನ್ನೂ ಎಣಿಸಿದರು. "ಹನ್ನೊಂದು ಜನ ಇದ್ದೀರಿ. ಶೂ ಹನ್ನೆರಡು ಜೊತೆ ಇದೆ."

ರಾಶಿಯ ಅಂಚಿನಲ್ಲಿ ಹಳೆಯ ಬೂದುಬಣ್ಣದ ಬಟ್ಟೆ ಶೂ ಒಂದು ಜೊತೆ ಇತ್ತು. ಎಂಟು ವರ್ಷ ಅದು ಮಾಲ್ಸುನ್ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಕಾಗದ ಸುತ್ತಿ ಕೂತಿತ್ತು.

"ಹನ್ನೆರಡು ಅಂತಲೇ ಬರ್ಕೊಳ್ಳಿ" ಎಂದರು ಮಾಲ್ಸುನ್. "ಅವಳು ಬರೋದು ಸ್ವಲ್ಪ ತಡ."

ಅವರು ಬರೆದುಕೊಂಡರು. ಬಳಸುವವರು ಹನ್ನೆರಡು, ಕೋಣೆ ಅಶುಚಿ, ಹೊಣೆ ಮೇಸ್ತ್ರಿ ತಾಕ್ ಮಾಲ್ಸುನ್ ಅವರದು. ಕೋಣೆ ಉಳಿಯಿತು, 'ತಾತ್ಕಾಲಿಕ' ಎಂಬ ಚೀಟಿಯೂ ಉಳಿಯಿತು. ಕಪ್ಪು ಗುರುತು ಬಂದದ್ದು ಹೀಗೆ. ಮೂವತ್ತೊಂದು ವರ್ಷ ಒಂದು ಕೂದಲು ಬಿಡದೆ ಒರೆಸಿದವರ ದಾಖಲೆಯಲ್ಲಿ ಕೊನೆಗೆ ನಿಂತ ಮಾತು 'ಅಶುಚಿ'. ಅದನ್ನು ಓದಿ ಹೇಳಿದಾಗ ಅವರು, "ಹಿಂದಿನ ಮೆಟ್ಟಿಲಲ್ಲಿ ನಿಂತ ಆ ದಿನವೇ ಬರೆಸಿಕೊಳ್ಳಬೇಕಿತ್ತು" ಎಂದಷ್ಟೇ ಅಂದರು.

ಮೆಟ್ಟಿಲ ಹಿಂದಿನ ಕೋಣೆಯ ಅಡಿಯಲ್ಲಿ ಬಿಸಿನೀರಿನ ಕೊಳವೆ ಈಗಲೂ ಹರಿಯುತ್ತಿದೆ. ಮೇಲೆ ಎತ್ತರದ ಕುರ್ಚಿಗಳಲ್ಲಿ ಶೂ ಹಾಕಿಕೊಂಡೇ ಕೂರುವವರಿಗೆ ಅದು ಗೊತ್ತಿಲ್ಲ. ನೆಲಮಾಳಿಗೆಯಲ್ಲಿ ನಮ್ಮ ಬೆನ್ನು ಒಂದು ಬದಿ ಮಾತ್ರ ಕಾಯುತ್ತದೆ. ಇದನ್ನು ಸಂತೋಷದ ಕಥೆ ಎಂದು ಹೇಳಿ ಹಿರಿಯರಾದ ಅವರಿಗೆ ಅವಮಾನ ಮಾಡುವುದು ಬೇಡ.

ಸಹೋದರಿ ಮಾಲ್ಸುನ್ ಅವರಿಗೆ ದೀರ್ಘವಾದ ಆಯುಷ್ಯವೂ ನೋಯದ ಮೊಣಕಾಲುಗಳೂ ದೊರೆಯಲಿ. ಅವರ ಮನೆಯ ನೆಲವನ್ನು ಇನ್ನಾದರೂ ಬೇರೆಯವರು ಒರೆಸಲಿ. ಕೆಲಸ ಬಿಟ್ಟು ಕೂರುವ ಜೀವ ಅದಲ್ಲವೆಂದು ಗೊತ್ತಿರುವುದರಿಂದ ಅವರಿಗೆ ಒಂದು ಕೆಲಸವನ್ನೂ ಒಪ್ಪಿಸುತ್ತಿದ್ದೇವೆ: ಪ್ರತಿ ತಿಂಗಳ ಮೊದಲ ಸೋಮವಾರ ಬಂದು, ನಮ್ಮ ಶೂಗಳನ್ನು ನೋಡಿ, ಯಾರದು ಬಂದಿಲ್ಲ ಎಂದು ಹೇಳಬೇಕು. ಹನ್ನೆರಡನೆಯ ಜೊತೆಯನ್ನು ಅವರು ಮನೆಗೆ ಒಯ್ಯಲು ಬಂದಾಗ ನಾವು ಕೊಡಲಿಲ್ಲ. ಅದು ಬಾಗಿಲಲ್ಲಿಯೇ ಇದೆ. ಅದರ ತುದಿಯನ್ನು ಮಾತ್ರ ಅವರು ಹೊರಗೆ ತಿರುಗಿಸದೆ, ಒಳಮುಖವಾಗಿ, ಆಗ ತಾನೆ ಒಳಗೆ ಬಂದವರು ಬಿಚ್ಚಿಟ್ಟ ಶೂ ಇರುವ ಹಾಗೆ ಇಟ್ಟು ಹೋಗಿದ್ದಾರೆ.